ಮಳೆಗಾಲಕ್ಕೆ ಮೊದಲು ಮನೆಯೊಳಗಿನ ಗಾಳಿಯ ಬಗ್ಗೆ

ಅರವತ್ತು ದಾಟಿದ ಅಜ್ಜಿ. ನಾಲ್ಕು ಮೆಟ್ಟಿಲು ಹತ್ತಿದರೆ ದಮ್ಮು. ಬೆಳಿಗ್ಗೆ ಎದ್ದರೆ ಕಫ. ಮಳೆ ಹಿಡಿಯಿತು ಅಂದರೆ ಆಸ್ಪತ್ರೆಗೆ ಅಲೆದಾಟ. ಜೀವಮಾನದಲ್ಲಿ ಒಂದು ಬೀಡಿ ಮುಟ್ಟಿದವರಲ್ಲ. ಆದರೆ ಮದುವೆಯಾಗಿ ಬಂದಾಗಿನಿಂದ ಒಲೆ ಮುಂದೆ ಊದುಗೊಳವೆ ಹಿಡಿದು ಕೂತವರು.

ಆರೋಗ್ಯ ಇಲಾಖೆಯಲ್ಲಿ ಸಿಸ್ಟರ್ ಆಗಿ ಹಳ್ಳಿ ಹಳ್ಳಿ ತಿರುಗಿದ ಕಾಲದಲ್ಲಿ ಇಂಥ ಎಷ್ಟೋ ಅಜ್ಜಿಯರನ್ನು ನೋಡಿದ್ದೇನೆ. ನಮ್ಮ ಕೊಡಗಿನ ಗಾಳಿಬೀಡು ಕಡೆಗೆ, ನಾಪೋಕ್ಲು ಕಡೆಗೆ, ಎಲ್ಲ ಕಡೆ ಅದೇ ಕೆಮ್ಮು. ಹೊರಗೆ ಬಂದರೆ ಸುತ್ತ ಕಾಡು, ತೋಟ, ಮಂಜು. ಪೇಟೆಯವರು ದುಡ್ಡು ಕೊಟ್ಟು ಬಂದು ಉಸಿರಾಡುವ ಗಾಳಿ. ಒಳಗೆ ಹೋದರೆ ಕಣ್ಣು ಉರಿ. ಒಲೆ ಮತ್ತು ಸೀಮೆಎಣ್ಣೆಯಂಥ ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಪ್ರಪಂಚದಾದ್ಯಂತ ಸುಮಾರು 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಆ ಲೆಕ್ಕ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಅಡುಗೆ ಮನೆಗಳೇ.

ನಮ್ಮಲ್ಲಿ ಮಳೆಯನ್ನು ಇಂಚಿನಲ್ಲಿ ಹೇಳುವುದು ರೂಢಿ. ಮಡಿಕೇರಿಗೆ ವರ್ಷಕ್ಕೆ 120 ಇಂಚಿಗೂ ಮೇಲೆ ಬೀಳುತ್ತದೆ, ಅಂದರೆ 3000 ಮಿಲಿಮೀಟರ್ ದಾಟಿ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ನಾವು ಬಾಗಿಲು, ಕಿಟಕಿ ಎಲ್ಲ ಮುಚ್ಚಿಕೊಂಡು ಬದುಕುತ್ತೇವೆ. ಒಳಗೆ ಒಲೆ, ಕೆಂಡ, ಒದ್ದೆ ಬಟ್ಟೆ, ಒದ್ದೆ ನಾಯಿ, ಸೊಳ್ಳೆ ಬತ್ತಿ. ಹೊರಗಿನ ಒಳ್ಳೆ ಗಾಳಿ ಹೊರಗೇ ಉಳಿಯುತ್ತದೆ.

ಹಳೇ ಕಾಲದಲ್ಲೂ ಹೀಗೇ ಇದ್ದರಲ್ಲ ಅಂತ ಕೇಳುವವರಿದ್ದಾರೆ. ಇದ್ದರು. ಆದರೆ ಮನೆ ಬೇರೆ ಇತ್ತು. ನಮ್ಮ ತವರು ಮನೆಯ ಅಡುಗೆ ಕೋಣೆಗೆ ತಾರಸಿ ಇರಲಿಲ್ಲ. ಮೇಲೆ ಅಟ್ಟ, ಅದರ ಮೇಲೆ ಮಂಗಳೂರು ಹೆಂಚು. ಹೆಂಚು ಹೆಂಚಿನ ಸಂದಿಯಲ್ಲಿ ಹೊಗೆ ನಿಧಾನಕ್ಕೆ ಹೊರಗೆ ಹೋಗುತ್ತಿತ್ತು. ಬೆಳಿಗ್ಗೆ ದೂರದಿಂದ ನೋಡಿದರೆ ಇಡೀ ಮಾಡು ಹೊಗೆ ಬಿಡುತ್ತಾ ಇರುವುದು ಕಾಣುತ್ತಿತ್ತು. ಹೋಗುವ ದಾರಿಯಲ್ಲಿ ಆ ಹೊಗೆ ಕೆಲಸವನ್ನೂ ಮಾಡುತ್ತಿತ್ತು. ಹೆಂಚು ಹೊರುವ ಮರದ ಪಕ್ಕಾಸು, ರೀಪು ಹುಳ ಹಿಡಿಯುತ್ತಿರಲಿಲ್ಲ. ಒಲೆ ಮೇಲೆ ಕಟ್ಟಿದ ಮಾಂಸ ಒಣಗುತ್ತಿತ್ತು. ಬಿತ್ತನೆಗೆ ಇಟ್ಟ ಬೀಜ ಬೂಷ್ಟು ಹಿಡಿಯದೆ ಉಳಿಯುತ್ತಿತ್ತು. ಒಲೆ ಮುಂದೆ ಕೂತ ಹೆಂಗಸಿನ ಎದೆಗೆ ಆಗ ಕೂಡ ಹೊಗೆ ಹೋಗುತ್ತಿತ್ತು, ಅದರಲ್ಲಿ ಸಂಶಯ ಬೇಡ. ಆದರೂ ಮನೆ ಉಸಿರಾಡುತ್ತಿತ್ತು.

ಈಗ ನಾವು ಕಟ್ಟುವ ಮನೆ ನೋಡಿ. ಆರ್‌ಸಿಸಿ ತಾರಸಿ. ಜಾರುವ ಅಲ್ಯೂಮಿನಿಯಂ ಕಿಟಕಿ, ಸಂದಿಗೆ ರಬ್ಬರ್. ಬೆಳಕಿಂಡಿಗೆ ಗಾಜು ಬಡಿದು ಬಂದ್. ಚಳಿ ಬರಬಾರದು, ಮಂಜು ನುಗ್ಗಬಾರದು ಅಂತ ಎಲ್ಲ ಬಿಗಿ ಮಾಡಿದ್ದೇವೆ. ಮನೆ ಬದಲಾಯಿತು, ಅಭ್ಯಾಸ ಹಾಗೇ ಉಳಿಯಿತು. ಅದೇ ಹಂಡೆ ಒಲೆ, ಅದೇ ಅಗ್ಗಿಷ್ಟಿಕೆ, ಅದೇ ಸಾಂಬ್ರಾಣಿ. ಹೆಂಚಿನ ಮನೆಯಲ್ಲಿ ಕೆಮ್ಮು ತರುತ್ತಿದ್ದದ್ದು ತಾರಸಿ ಮನೆಯಲ್ಲಿ ಜೀವಕ್ಕೇ ಕುತ್ತು ತರಬಹುದು. ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದ್ದು ಇದೇ.

ಮೊದಲು ಒಲೆ. ನಮ್ಮ ಮನೆಯಲ್ಲಿ ಅಡುಗೆ ಗ್ಯಾಸಿನಲ್ಲಿ. ಆದರೆ ಸ್ನಾನದ ನೀರು, ಹಂದಿ ಮಾಂಸ, ಮಳೆಗಾಲದ ಹುರುಳಿ, ಇದೆಲ್ಲ ಸೌದೆ ಒಲೆಯಲ್ಲೇ. ತೋಟ ಇರುವವರಿಗೆ ಸೌದೆ ಪುಕ್ಕಟೆ, ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಹಾಗಾಗಿ ಒಲೆ ಬಿಡಿ ಅಂತ ಯಾರಿಗೂ ನಾನು ಹೇಳುವುದಿಲ್ಲ. ಒಣ ಸೌದೆ ಉರಿಸಿ, ಹೊಗೆಗೆ ದಾರಿ ಮಾಡಿ ಅಂತ ಹೇಳುತ್ತೇನೆ.

ಒಣ ಸೌದೆ ಅಂದರೆ ಸುಮ್ನೆ ಮಳೆಯಲ್ಲಿ ನೆನೆಯದ ಸೌದೆ ಅಂತ ಅಲ್ಲ. ಹಸಿ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರುತ್ತದೆ. ಅದನ್ನು ಒಲೆಗೆ ಹಾಕಿದರೆ ಬೆಂಕಿಯ ಶಕ್ತಿ ಮೊದಲು ಆ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಉರಿ ತಣ್ಣಗಾಗುತ್ತದೆ, ಪೂರ್ತಿ ಸುಡದ ಭಾಗವೆಲ್ಲ ಹೊಗೆಯಾಗಿ ಏಳುತ್ತದೆ. ನಮ್ಮಲ್ಲಿ ಮರಗಸಿ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಸವರುವುದು, ಮಳೆಗೆ ಸ್ವಲ್ಪ ಮುಂಚೆ. ಆ ಕೊಂಬೆಗಳನ್ನೇ ಕಡಿದು ತಂದು ಜೂನ್‌ನಲ್ಲಿ ಉರಿಸುತ್ತೇವೆ. ಅದು ಬೇಡ. ಈ ವರ್ಷದ ಮರಗಸಿ ಸೌದೆ ಬರುವ ವರ್ಷಕ್ಕೆ. ಸಿಲ್ವರ್ ಓಕ್ ಆಗಲಿ, ಹಳೇ ಕಾಫಿ ಗಿಡದ ಬೊಡ್ಡೆ ಆಗಲಿ, ಸೀಳಿ, ನೆಲದಿಂದ ಎತ್ತರಕ್ಕೆ, ಗಾಳಿ ಆಡುವ ಹಾಗೆ ಪೇರಿಸಿ. ಮೇಲೆ ಮಾತ್ರ ಶೀಟ್, ಪಕ್ಕಕ್ಕೆ ಟಾರ್ಪಾಲ್ ಸುತ್ತಬೇಡಿ. ಎರಡು ತುಂಡು ತೆಗೆದು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ಠಣ್ ಅನ್ನುತ್ತದೆ, ಹಸಿ ಇದ್ದರೆ ದಬ್ ಅನ್ನುತ್ತದೆ. ತುದಿಯಲ್ಲಿ ನಕ್ಷತ್ರದ ಹಾಗೆ ಬಿರುಕು ಬಿಟ್ಟಿರಬೇಕು. ತೋಟದಲ್ಲಿ ನೆರಳಿಗೆ ಬೆಳೆಸುವ ಹಾಲುವಾಣ ಮರ ಮಾತ್ರ ಎಷ್ಟು ಒಣಗಿಸಿದರೂ ನನಗೆ ಸಮಾಧಾನವಿಲ್ಲ, ಅದು ಉರಿಯುವುದಕ್ಕಿಂತ ಹೊಗೆಯುವುದೇ ಜಾಸ್ತಿ.

ಇನ್ನು ಚಿಮಣಿ. ನಮ್ಮ ರಾಜ್ಯದಲ್ಲೇ ಇದಕ್ಕೆ ಒಳ್ಳೆಯ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಅನ್ನುವ ವಿಭಾಗ ಶುರು ಮಾಡಿದರು. ಹಳ್ಳಿಗೆ ಬೇಕಾದ ವಿಜ್ಞಾನ ಅವರ ಗುರಿ. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ಒಂದೇ ಉರಿಗೆ ಮೂರು ಪಾತ್ರೆ, ಸಣ್ಣ ಬಾಯಿ, ಅಡಿಯಿಂದ ಗಾಳಿ ಬರಲು ಜಾಲರಿ, ಹೊಗೆಗೆ ಕೊಳವೆ. ಎಂಬತ್ತರ ದಶಕದಲ್ಲಿ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಇದನ್ನು ಕಟ್ಟಿದರು. ಹಾಗೆ ಕಟ್ಟಿದ ಒಲೆ ಎಲ್ಲಿ ಉಳಿದಿದೆ ಅಂತ ನೋಡಿದರೆ, ಮನೆಯವರು ಕೊಳವೆಯ ಮಸಿ ತೆಗೆಯುತ್ತಾ ಬಂದ ಕಡೆ ಮಾತ್ರ. ಮಸಿ ಕಟ್ಟಿತು ಅಂದರೆ ಹೊಗೆ ತಿರುಗಿ ಒಳಗೇ ಬರುತ್ತದೆ, ಆಮೇಲೆ ಒಲೆ ಸರಿಯಿಲ್ಲ ಅಂತ ಒಡೆದು ಹಾಕುತ್ತಾರೆ.

ನಮ್ಮ ಬಚ್ಚಲು ಮನೆಯ ಹಂಡೆಗೆ ಆರು ಇಂಚಿನ ತಗಡಿನ ಪೈಪ್ ಹಾಕಿಸಿದ್ದೇವೆ. ನಾಲ್ಕು ಇಂಚಿನದು ಬೇಗ ಕಟ್ಟಿಕೊಳ್ಳುತ್ತದೆ. ಪೈಪ್ ಆದಷ್ಟು ನೆಟ್ಟಗೆ ಇರಲಿ, ಮೊಣಕೈ ಜಾಸ್ತಿ ಬೇಡ. ತುದಿ ಮಾಡಿನ ನೆತ್ತಿಗಿಂತ ಎರಡು ಅಡಿ ಮೇಲಿರಲಿ, ಇಲ್ಲದಿದ್ದರೆ ಗಾಳಿ ಬೀಸಿದಾಗ ಹೊಗೆ ಕೆಳಗೆ ತಳ್ಳಿಸಿಕೊಂಡು ಬರುತ್ತದೆ. ಮೇಲೊಂದು ಟೋಪಿ, ಕೆಳಗೆ ಮಸಿ ಬೀಳಿಸಲು ತೆಗೆಯುವಂಥ ಮುಚ್ಚಳ. ಇನ್ನೊಂದು ಮಾತು. ಒಲೆ ಇರುವ ಕೋಣೆಯಲ್ಲೇ ಎಕ್ಸಾಸ್ಟ್ ಫ್ಯಾನ್ ಹಾಕಿ ಕಿಟಕಿ ಮುಚ್ಚಿದರೆ, ಫ್ಯಾನ್ ಚಿಮಣಿಯಿಂದಲೇ ಗಾಳಿ ಎಳೆಯುತ್ತದೆ, ಹೊಗೆ ಒಳಗೆ ಬರುತ್ತದೆ. ಫ್ಯಾನ್ ಹಾಕಿದರೆ ಎದುರಿನ ಕಿಟಕಿ ನಾಲ್ಕು ಬೆರಳಾದರೂ ತೆರೆದಿರಬೇಕು.

ಪೈಪ್ ಹಾಕಿಸುವಾಗ ಅತ್ತೆಗೆ ಒಪ್ಪಿಗೆ ಇರಲಿಲ್ಲ. "ಹೊಗೆಯೆಲ್ಲ ಹೊರಗೆ ಹೋದರೆ ಅಟ್ಟದಲ್ಲಿ ಇಟ್ಟದ್ದು ಹಾಳಾಗ್ತದೆ ಮಾರಾಯ್ತಿ, ಮಾಂಸ ಎಲ್ಲಿ ಒಣಗಿಸೋದು?" ಅಂದರು. ಕೇಳಬೇಕಾದ ಪ್ರಶ್ನೆಯೇ. "ಅದಕ್ಕೆ ಹೊರಗಿನ ಒಲೆ ಹಾಗೇ ಇರ್ಲಿ ಅತ್ತೆ, ನೀವು ಮಲಗೋ ಕೋಣೆ ಪಕ್ಕದ್ದಕ್ಕೆ ಮಾತ್ರ ಪೈಪ್" ಅಂದೆ. ಸೌದೆ ಕೊಟ್ಟಿಗೆಯ ಪಕ್ಕ ಮೂರು ಕಡೆ ತೆರೆದ ಜಾಗದಲ್ಲಿ ಅವರ ಒಲೆ ಈಗಲೂ ಇದೆ. ಮಾಂಸ ಅಲ್ಲೇ ಒಣಗುತ್ತದೆ. ರಾತ್ರಿ ಅವರ ಕೆಮ್ಮು ಕಡಿಮೆಯಾದದ್ದು ಮನೆಯವರಿಗೆಲ್ಲ ಗೊತ್ತಾಗಿದೆ.

ಒಲೆಯ ಹೊಗೆ ಕಣ್ಣಿಗೆ ಕಾಣುತ್ತದೆ, ಕೆಮ್ಮು ಬರಿಸುತ್ತದೆ, ಎದ್ದು ಹೊರಗೆ ಹೋಗುತ್ತೇವೆ. ಕೆಂಡ ಹಾಗಲ್ಲ. ನನಗೆ ತೀರಾ ಹೆದರಿಕೆ ಇರುವುದು ಕೆಂಡದ ಬಗ್ಗೆ.

ಕಕ್ಕಡ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಮಳೆ. ಒಂದು ಮನೆಗೆ ಬಾಣಂತಿಯನ್ನು ನೋಡಲು ಹೋಗಿದ್ದೆ. ಹೊಸ ತಾರಸಿ ಕೋಣೆ, ಚಿಕ್ಕದು. ಕಿಟಕಿ ಮುಚ್ಚಿ ಮೇಲೆ ಕಂಬಳಿ ಇಳಿಬಿಟ್ಟಿದ್ದರು. ಬಾಗಿಲ ಕೆಳಗಿನ ಸಂದಿಗೆ ಗೋಣಿ ತುರುಕಿದ್ದರು. ಮಂಚದ ಕೆಳಗೆ ಹಳೇ ಪೇಂಟ್ ಡಬ್ಬದಲ್ಲಿ ಕೆಂಡ, ಪಕ್ಕದಲ್ಲಿ ಬಿದಿರಿನ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಮಗುವಿನ ಬಟ್ಟೆ. ಹೊಗೆ ಒಂದು ಚೂರೂ ಇಲ್ಲ. ಕೋಣೆ ಬೆಚ್ಚಗೆ, ಹಿತವಾಗಿತ್ತು. ಆ ಹುಡುಗಿಗೆ ಬೆಳಿಗ್ಗೆಯಿಂದ ತಲೆನೋವು, ವಾಂತಿ. ಮಗು ಹಾಲು ಕುಡಿಯದೆ ಮಲಗಿಯೇ ಇತ್ತು. ಅಜ್ಜಿ ದೃಷ್ಟಿ ತೆಗೆದಿದ್ದರು. ಇಬ್ಬರನ್ನೂ ಹಾಗೇ ಎತ್ತಿ ಜಗಲಿಗೆ ತಂದೆವು. ಮಳೆಯ ಇರಚಲು ಬೀಳುತ್ತಿತ್ತು, "ಬಾಣಂತಿಗೆ ಶೀತ ಆಗ್ತದೆ" ಅಂತ ಅಜ್ಜಿ ಅಳುತ್ತಿದ್ದರು. ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಆಮ್ಲಜನಕ ಹಾಕಿಸಿದ ಮೇಲೆ ಇಬ್ಬರೂ ಸುಧಾರಿಸಿದರು. ಆ ಕೋಣೆಯಲ್ಲಿ ರಾತ್ರಿ ಕಳೆದಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತದೆ.

ಇದ್ದಿಲು ಗಾಳಿ ಸಾಲದೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೇಲೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅಂಟಿಕೊಂಡಷ್ಟು ಭಾಗ ಆಮೇಲೆ ಆಮ್ಲಜನಕವನ್ನು ಹೊರುವುದೇ ಇಲ್ಲ. ಕೊರೊನಾ ಬಂದ ಮೇಲೆ ತುಂಬ ಮನೆಗಳಲ್ಲಿ ಬೆರಳಿಗೆ ಹಾಕುವ ಆಕ್ಸಿಮೀಟರ್ ಇದೆ. ಈ ಅನಿಲದ ವಿಷಯದಲ್ಲಿ ಅದನ್ನು ನಂಬಬೇಡಿ. ಕಾರ್ಬನ್ ಮೊನಾಕ್ಸೈಡ್ ಅಂಟಿದ ರಕ್ತವನ್ನೂ ಅದು ಆಮ್ಲಜನಕ ಇರುವ ರಕ್ತ ಅಂತಲೇ ಓದುತ್ತದೆ. ಮನುಷ್ಯ ಮಂಪರಿನಲ್ಲಿ ಬಿದ್ದಿದ್ದರೂ 98 ತೋರಿಸಬಹುದು. ಮನೆಯಲ್ಲಿ ಕೆಂಡ ಇದ್ದು, ಒಬ್ಬರಿಗಿಂತ ಜಾಸ್ತಿ ಜನರಿಗೆ ಒಟ್ಟಿಗೇ ತಲೆನೋವು, ವಾಕರಿಕೆ ಬಂದರೆ ಬೇರೆ ಯೋಚನೆ ಬೇಡ. ಮೊದಲು ಎಲ್ಲರೂ ಹೊರಗೆ, ಆಮೇಲೆ ಆಸ್ಪತ್ರೆ.

ಬಾಣಂತಿ ಕೋಣೆ ಬೆಚ್ಚಗಿರಬೇಕು, ಅದು ಸರಿ. ಬಿಸಿನೀರಿನ ಬ್ಯಾಗ್ ಇದೆ, ಕರೆಂಟ್ ಇದ್ದಾಗ ಎಣ್ಣೆ ತುಂಬಿದ ಹೀಟರ್ ಇದೆ. ಎಲ್ಲಕ್ಕಿಂತ ಮೇಲು ತಾಯಿಯ ಎದೆ ಮೇಲೆ ಮಗು, ಮೇಲೊಂದು ಹೊದಿಕೆ. ಬಟ್ಟೆ ಒಣಗಿಸುವ ಅಗ್ಗಿಷ್ಟಿಕೆ ಜಗಲಿಯಲ್ಲಿರಲಿ, ಸೌದೆ ಕೊಟ್ಟಿಗೆಯಲ್ಲಿರಲಿ, ಮಲಗುವ ಕೋಣೆಗೆ ಮಾತ್ರ ಬೇಡ. ಮಗುವಿನ ತಲೆಗೆ ಸಾಂಬ್ರಾಣಿ ಹೊಗೆ ಹಾಕುವುದನ್ನು ನಾನು ಎಲ್ಲ ಮನೆಯಲ್ಲೂ ಬೇಡ ಅಂದಿದ್ದೇನೆ. ಹುಟ್ಟಿದ ಮಗುವಿನ ಉಸಿರಿನ ನಾಳ ತೀರಾ ಸಣ್ಣದು. ತಲೆ ಒಣಗಲು ಮೆತ್ತನೆಯ ಬಟ್ಟೆ ಸಾಕು.

ಇನ್ನೊಂದು ಮಗುವಿನ ಮಾತು, ಬಹಳ ಜನಕ್ಕೆ ಗೊತ್ತಿಲ್ಲ. ಬೂಷ್ಟು, ಹುಳ ಬರಬಾರದು ಅಂತ ಟ್ರಂಕಿನಲ್ಲಿ ಡಾಂಬರು ಗುಳಿಗೆ ಹಾಕಿ ಹಳೇ ಕಾಟನ್ ಸೀರೆ, ಫ್ಲಾನೆಲ್ ಇಟ್ಟಿರುತ್ತೇವೆ. ಮಗು ಹುಟ್ಟಿದಾಗ ಅದನ್ನೇ ತೆಗೆದು ಸುತ್ತುತ್ತೇವೆ. ಆ ಗುಳಿಗೆಯಲ್ಲಿ ನ್ಯಾಫ್ತಲೀನ್ ಇದ್ದರೆ ಅದರ ಆವಿ ಬಟ್ಟೆಯಲ್ಲಿ ಉಳಿದಿರುತ್ತದೆ. ಜಿ6ಪಿಡಿ ಅನ್ನುವ ಕಿಣ್ವ ಕಡಿಮೆ ಇರುವ ಮಕ್ಕಳಲ್ಲಿ ಅದು ರಕ್ತಕಣಗಳನ್ನು ಒಡೆದು ಜೋರು ಕಾಮಾಲೆ ತರಬಹುದು. ಮಗುವಿಗೆ ಆ ಕೊರತೆ ಇದೆಯೋ ಇಲ್ಲವೋ ನೋಡಿದರೆ ತಿಳಿಯುವುದಿಲ್ಲ. ಹಾಗಾಗಿ ಮಗುವಿನ ಬಟ್ಟೆ ಇರುವ ಕಡೆ ಆ ಗುಳಿಗೆಯೇ ಬೇಡ.

ಈಗ ತೇವ. ಕೊಡಗಿನ ಮನೆಯ ಅರ್ಧ ಕಾಯಿಲೆ ಇದರಿಂದ ಅಂತ ನನ್ನ ಅನಿಸಿಕೆ. ಚಪ್ಪಲಿ ಮೇಲೆ ಹಸಿರು, ಬೀರುವಿನ ಹಿಂದೆ ಕಪ್ಪು, ದಿಂಬಿನಲ್ಲಿ ಮುಗ್ಗಲು ವಾಸನೆ. ಬೂಷ್ಟಿನ ಪುಡಿ ಗಾಳಿಯಲ್ಲಿ ಹಾರಿ ಮೂಗಿಗೆ ಹೋದರೆ ಸೀನು, ಕಣ್ಣುರಿ, ಉಬ್ಬಸ ಇರುವವರಿಗೆ ಉಬ್ಬಸ. ಕೋಣೆಯ ತೇವಾಂಶ ನೂರಕ್ಕೆ 60ರ ಕೆಳಗಿದ್ದರೆ ಬೂಷ್ಟು ಬೆಳೆಯುವುದು ಕಷ್ಟ. ಅದನ್ನು ತೋರಿಸುವ ಸಣ್ಣ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಒಂದು ತಂದಿಡಿ. ಜುಲೈಯಲ್ಲಿ ನಮ್ಮ ಮಲಗುವ ಕೋಣೆಯಲ್ಲಿ ಅದು 90ರ ಹತ್ತಿರ ನಿಂತಿರುತ್ತಿತ್ತು.

ಈ ನೀರೆಲ್ಲ ಎಲ್ಲಿಂದ ಬರುತ್ತದೆ? ಹೊರಗಿನ ಮಂಜಿನಿಂದ ಅಂತ ನಾವು ತಿಳಿದಿದ್ದೇವೆ. ಮನೆಯೊಳಗೆ ನಾವೇ ಮಾಡುವ ನೀರು ಕಡಿಮೆಯಲ್ಲ. ಒಂದು ಕೆ.ಜಿ. ಗ್ಯಾಸ್ ಉರಿದರೆ ಸುಮಾರು ಒಂದೂವರೆ ಕೆ.ಜಿ. ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. 14.2 ಕೆ.ಜಿ. ಸಿಲಿಂಡರ್ ಮುಗಿಯುವಷ್ಟರಲ್ಲಿ 20 ಲೀಟರಿಗೂ ಮೇಲೆ. ಕುಕ್ಕರಿನ ಆವಿ ಬೇರೆ. ಮೆಷಿನ್‌ನಲ್ಲಿ ಹಿಂಡಿ ತೆಗೆದ ಬಟ್ಟೆಯಲ್ಲೂ ಒಂದೆರಡು ಲೀಟರ್ ನೀರು ಉಳಿದಿರುತ್ತದೆ, ಅದನ್ನು ಹಾಲ್‌ನಲ್ಲಿ ಹಗ್ಗ ಕಟ್ಟಿ ಹರಡಿದರೆ ಆ ನೀರು ಗೋಡೆಗೆ ಹೋಗಿ ಕೂರುತ್ತದೆ. ಅದರಲ್ಲೂ ಪಡುವಣ ಗೋಡೆ. ಗಾಳಿಮಳೆ ಹೊಡೆಯುವುದು ಆ ಕಡೆಯಿಂದಲೇ, ಗೋಡೆ ತಣ್ಣಗಿರುತ್ತದೆ, ಒಳಗಿನ ಬೆಚ್ಚನೆ ಗಾಳಿ ಅದಕ್ಕೆ ತಾಗಿ ಬೆವರುತ್ತದೆ. ಬೀರು, ಮಂಚದ ತಲೆದೆಸೆ ಆ ಗೋಡೆಗೆ ಅಂಟಿಸಿ ಇಡಬೇಡಿ. ಒಂದು ಗೇಣು ಜಾಗ ಬಿಟ್ಟರೂ ಗಾಳಿ ಓಡಾಡುತ್ತದೆ. ಹೊರಗಡೆಯಿಂದ ಆ ಗೋಡೆಗೆ ಶೀಟ್ ಹೊಡೆಸುವುದು ನಮ್ಮ ಕಡೆಯ ಹಳೇ ಉಪಾಯ. ನೋಡಲು ಚಂದವಿಲ್ಲ, ಆದರೆ ಒಳಗೆ ಬಳಿದ ಎಷ್ಟೋ ದುಬಾರಿ ಪೇಂಟಿಗಿಂತ ಅದು ಮೇಲು.

ಮಂಜು ಇರುವಾಗ ಕಿಟಕಿ ತೆರೆದರೆ ಇನ್ನೂ ತೇವ ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಲೆಕ್ಕ ಬೇರೆಯೇ ಇದೆ. ಹೊರಗೆ 19 ಡಿಗ್ರಿ, ತೇವಾಂಶ 95 ಅಂತ ಇಟ್ಟುಕೊಳ್ಳಿ. ಅದೇ ಗಾಳಿ ಒಳಗೆ ಬಂದು 24 ಡಿಗ್ರಿಗೆ ಬೆಚ್ಚಗಾದರೆ ತೇವಾಂಶ 70ರ ಹತ್ತಿರ ಇಳಿಯುತ್ತದೆ. ಬಿಸಿ ಗಾಳಿ ಜಾಸ್ತಿ ನೀರು ಹಿಡಿಯಬಲ್ಲದು, ಅದಕ್ಕೆ. ಅಂದರೆ ಅಡುಗೆ ಆದ ಮೇಲೆ, ಸ್ನಾನ ಆದ ಮೇಲೆ ಕಿಟಕಿ ತೆರೆದರೆ ಮನೆಗೆ ಲಾಭವೇ. ಎದುರು ಬದುರು ಎರಡು ಕಿಟಕಿ, ಹತ್ತು ನಿಮಿಷ, ಮಳೆ ಇರಚಲು ಇಲ್ಲದ ಕಡೆಯದ್ದು. ಆದರೆ 60ಕ್ಕೆ ಇಳಿಸಲು ಇದಿಷ್ಟೇ ಸಾಲದು. ನಾವು ಒಂದು ಕೋಣೆಗೆ ಡಿಹ್ಯುಮಿಡಿಫೈಯರ್ ತಂದೆವು. ಗಾಳಿಯ ನೀರನ್ನು ಹಿಂಡಿ ತೊಟ್ಟಿಗೆ ಇಳಿಸುವ ಯಂತ್ರ. ಆ ಕೋಣೆಯ ಬಾಗಿಲು ಮುಚ್ಚಿ ಒದ್ದೆ ಬಟ್ಟೆಯನ್ನೂ ಅಲ್ಲೇ ಹರಡುತ್ತೇವೆ. ಬೆಳಿಗ್ಗೆ ತೊಟ್ಟಿ ತುಂಬ ನೀರು ಚೆಲ್ಲುವಾಗ, ಇದೆಲ್ಲ ನಮ್ಮ ಹಾಸಿಗೆ, ಗೋಡೆಯಲ್ಲಿ ಇರುತ್ತಿತ್ತು ಅಂತ ಅನಿಸುತ್ತದೆ. ಬೆಲೆ ಜಾಸ್ತಿ, ಕರೆಂಟ್ ಬೇಕು. ಉಬ್ಬಸ ಇರುವವರ ಮನೆಯಾದರೆ ಏರ್ ಪ್ಯೂರಿಫೈಯರ್‌ಗಿಂತ ಮೊದಲು ಇದಕ್ಕೆ ದುಡ್ಡು ಹಾಕಿ ಅಂತಲೇ ನನ್ನ ಸಲಹೆ.

ಬಂದ ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸಬೇಡಿ, ಪುಡಿ ಮನೆ ತುಂಬ ಹಾರುತ್ತದೆ. ಮಾಸ್ಕ್ ಹಾಕಿ, ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ, ಚೆನ್ನಾಗಿ ಆರಲು ಬಿಡಿ. ಬ್ಲೀಚಿಂಗ್ ಮತ್ತು ಬಚ್ಚಲು ತೊಳೆಯುವ ಆಸಿಡ್ ಒಟ್ಟಿಗೆ ಸೇರಿಸಲೇಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಗೋಡೆ ಮಣ್ಣಿನದ್ದೋ ಹಳೇ ಗಾರೆಯದ್ದೋ ಆಗಿದ್ದರೆ ಪ್ಲಾಸ್ಟಿಕ್ ಪೇಂಟ್ ಬಿಟ್ಟು ಸುಣ್ಣ ಹೊಡೆಸಿ. ಸುಣ್ಣದ ಕ್ಷಾರದಲ್ಲಿ ಬೂಷ್ಟು ಬೆಳೆಯುವುದಿಲ್ಲ, ಗೋಡೆಯೊಳಗಿನ ತೇವವೂ ಹೊರಗೆ ಬರುತ್ತದೆ.

ಸೊಳ್ಳೆ ಬತ್ತಿಯ ಬಗ್ಗೆ ಒಂದೇ ಮಾತು. ಒಂದು ಬತ್ತಿ ಪೂರ್ತಿ ಉರಿದರೆ ಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟಿಗೆ ಸಮ ಅಂತ 2003ರ ಒಂದು ಅಧ್ಯಯನ ತೋರಿಸಿದೆ. ಸೊಳ್ಳೆ ಪರದೆ ಕಟ್ಟಿ. ಗಾಳಿ ಶುದ್ಧಿಗೆ ಅಂತ ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್ ಕೊಳ್ಳುವವರಿಗೂ ಹೇಳಬೇಕು. ಈ ನಂಬಿಕೆಗೆ ಆಧಾರವಾದ, 1989ರಲ್ಲಿ ನಾಸಾ ಮಾಡಿದ ಪ್ರಯೋಗ ಮುಚ್ಚಿದ ಪೆಟ್ಟಿಗೆಯೊಳಗೆ ನಡೆದದ್ದು. 2019ರಲ್ಲಿ ಅಂಥ ಪ್ರಯೋಗಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದಾಗ, ಗಾಳಿ ಆಡುವ ಕಟ್ಟಡದಷ್ಟು ಕೆಲಸ ಆಗಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಅಂತ ಬಂತು. ಚಂದಕ್ಕೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಕುಂಡದ ಒದ್ದೆ ಮಣ್ಣು ಮಲಗುವ ಕೋಣೆಯಿಂದ ಹೊರಗಿರಲಿ.

ಕೊನೆಗೆ ತೋಟದ ಮಾಲೀಕರಿಗೆ ಒಂದು ಕೇಳಿಕೆ. ನಾನು ಇಲ್ಲಿ ಹೇಳಿದ ಯಂತ್ರ, ಮೀಟರ್ ಎಲ್ಲ ನಮ್ಮಂಥವರಿಗೆ. ತೋಟದ ಕೆಲಸಗಾರರ ಸಾಲು ಮನೆ, ಅಂದರೆ ಲೈನ್ ಮನೆಯಲ್ಲಿ ಇರುವವರಿಗೆ ಒಂದು ಕೋಣೆ, ಅದರಲ್ಲೇ ಒಲೆ, ಅದರಲ್ಲೇ ಮಕ್ಕಳು ಮಲಗುವುದು. ಮೇಲೆ ಶೀಟ್, ಕಿಟಕಿ ಇದ್ದರೆ ಪುಣ್ಯ. ಕೆಲಸದಿಂದ ಒದ್ದೆಯಾಗಿ ಬಂದವರು ಬಟ್ಟೆ ಒಣಗಿಸುವುದೂ ಆ ಒಲೆ ಮೇಲೆಯೇ. ಮಳೆಗೆ ಮುಂಚೆ ಲೈನ್ ಮನೆಗೆ ಸುಣ್ಣ ಬಣ್ಣ ಮಾಡಿಸುತ್ತೀರಲ್ಲ, ಆಗಲೇ ಪ್ರತಿ ಒಲೆಗೂ ಒಂದು ತಗಡಿನ ಪೈಪ್ ಹಾಕಿಸಿ, ಗೋಡೆಯ ಮೇಲ್ಭಾಗದಲ್ಲಿ ಎರಡು ಬೆಳಕಿಂಡಿ ಬಿಡಿಸಿ. ಬಟ್ಟೆ ಒಣಗಿಸಲು ಲೈನಿನ ಕೊನೆಯಲ್ಲಿ ಒಂದು ತೆರೆದ ಶೆಡ್ ಕಟ್ಟಿಸಿ. ಕಾಫಿ ಕೊಯ್ಲಿನ ಲೆಕ್ಕದಲ್ಲಿ ಇದು ದೊಡ್ಡ ಖರ್ಚಲ್ಲ. ಮೇ ತಿಂಗಳ ಮೊದಲ ವಾರದೊಳಗೆ ಕೆಲಸಕ್ಕೆ ಜನ ಸಿಗುತ್ತಾರೆ, ಆಮೇಲೆ ಕಷ್ಟ.